ಸೇವಂತಿಗೆಗೆ ಗೊಬ್ಬರ ಹಾಕುವ ಹೊತ್ತು

ಬೆಳಕು ಹರಿಯುವ ಮುನ್ನ ಗುಡಿಮಲ್ಕಾಪುರದ ಹೂವಿನ ಮಾರುಕಟ್ಟೆಯೊಳಗೆ ಕಾಲಿಟ್ಟವರಿಗೆ ಮೊದಲು ಎದುರಾಗುವುದು ಸೇವಂತಿಗೆಯ ರಾಶಿ. ಇಲ್ಲಿಯ ತೆಲುಗರು ಅದನ್ನು ಚಾಮಂತಿ ಎನ್ನುತ್ತಾರೆ, ಹಳೆಯ ಶಹರದ ಮುಸಲ್ಮಾನ ಬಾಂಧವರು ಗುಲ್‌ದಾವೂದಿ ಎನ್ನುತ್ತಾರೆ, ನಮ್ಮ ಹಳ್ಳಿಗರಿಗೆ ಅದು ಶ್ಯಾವಂತಿಗೆ. ಹೆಸರು ಯಾವುದಾದರೂ ಆಗಲಿ, ಮಹಾಲಯ ಅಮಾವಾಸ್ಯೆಗೆ ಬತುಕಮ್ಮ ಹಬ್ಬ ಮೊದಲಾಯಿತೆಂದರೆ ಅಲ್ಲಿಂದ ಆಯುಧಪೂಜೆ, ದೀಪಾವಳಿ, ಕಾರ್ತಿಕದ ಸೋಮವಾರಗಳವರೆಗೆ ಈ ಹೂವಿಲ್ಲದೆ ಹೈದರಾಬಾದಿನಲ್ಲಿ ಯಾವ ಕಾರ್ಯವೂ ಸಾಗದು. ನಮ್ಮ ಹೋಟೆಲುಗಳ ಗಲ್ಲಾದ ಮೇಲಿರುವ ದೇವರ ಪಟಕ್ಕೆ ದಿನವೂ ಏರುವ ಹಾರವೂ ಹೆಚ್ಚಾಗಿ ಇದರದೇ.

ಮಾರುಕಟ್ಟೆಗೆ ಬರುವ ಸೇವಂತಿಗೆಯಲ್ಲಿ ಎರಡು ಜಾತಿಯ ವ್ಯಾಪಾರವಿದೆ. ಒಂದು, ತೊಟ್ಟಿನ ಬುಡಕ್ಕೇ ಕಿತ್ತು ಚೀಲದಲ್ಲಿ ತುಂಬಿ ತೂಕಕ್ಕೆ ಮಾರುವ ಬಿಡಿ ಹೂ. ಹಾರಕ್ಕೂ ಪೂಜೆಗೂ ಸಲ್ಲುವುದು ಇದು. ಇನ್ನೊಂದು, ಮೊಳದುದ್ದದ ದಂಟಿನೊಡನೆ ಕೊಯ್ದು ಕಾಗದದಲ್ಲಿ ಸುತ್ತಿ ಕಟ್ಟುಗಟ್ಟಲೆ ಮಾರುವ ಹೂ. ಮದುವೆ ಮಂಟಪಗಳ ಅಲಂಕಾರಕ್ಕೆ, ದೊಡ್ಡ ಹೋಟೆಲುಗಳ ಹೂದಾನಿಗಳಿಗೆ, ಸನ್ಮಾನದ ಗುಚ್ಛಗಳಿಗೆ ಹೋಗುವುದು ಇದು. ಚೇವೆಳ್ಳ, ಮೊಯಿನಾಬಾದು, ಶಂಕರಪಲ್ಲಿಗಳ ಕಡೆಯ ಬೆಳೆಗಾರರೂ ಕರ್ನಾಟಕದ ಕಡೆಯವರೂ ಇಲ್ಲಿಗೆ ಹೂ ತರುತ್ತಾರೆ. ನಮ್ಮ ವಾಚಕರಲ್ಲಿ ಅನೇಕರು ಇದನ್ನು ಕೊಳ್ಳುವವರೆಂದು ಮಾತ್ರ ಭಾವಿಸಬಾರದು. ಊರಿನಲ್ಲಿ ಹತ್ತಿಪ್ಪತ್ತು ಗುಂಟೆ ನೀರಾವರಿ ಭೂಮಿಯಿದ್ದು, ಅಲ್ಲಿ ತಮ್ಮನೋ ಭಾವಮೈದುನನೋ ಹೂ ಬೆಳೆಯುತ್ತಿದ್ದು, ಆ ಬೆಳೆಯ ಖರ್ಚಿಗೆ ಇಲ್ಲಿಯ ಸಂಬಳದಿಂದ ಹಣ ಕಳುಹಿಸುವವರು ನಮ್ಮಲ್ಲಿ ಹಲವರಿದ್ದಾರೆ. ಈ ಲೇಖನವನ್ನು ಬರೆಯಲು ನಮ್ಮನ್ನು ಪ್ರೇರಿಸಿದವರು ಅಂಥವರಲ್ಲಿ ಒಬ್ಬರು.

ಅವರು ರಾಯಚೂರು ಕಡೆಯವರು, ಇಲ್ಲಿ ಹೋಟೆಲೊಂದರಲ್ಲಿ ಸಪ್ಲೈಯರು. ಕಳೆದ ವರ್ಷ ಅವರ ತಮ್ಮ ಅರ್ಧ ಎಕರೆಯಲ್ಲಿ ಸೇವಂತಿಗೆ ಹಾಕಿದ. ನೆಲ ದಂಡವಾಗಬಾರದೆಂದು ಗೇಣಿಗೊಂದು ಸಸಿ ನೆಟ್ಟ. ಭಾದ್ರಪದದಲ್ಲಿ ಫೋನು ಬಂತು: “ಅಣ್ಣಾ, ಗಿಡ ಹಳದಿ ಬಿದ್ದಾವ, ಗೊಬ್ಬರಕ್ಕ ರೊಕ್ಕ ಕಳಸು.” ನಮ್ಮ ಪರಿಚಯಸ್ಥರು ಯಜಮಾನರನ್ನು ಕೇಳಿ ಎರಡು ತಿಂಗಳ ಸಂಬಳ ಮುಂಗಡ ಪಡೆದು ಕಳುಹಿಸಿದರು. ತಮ್ಮ ಅಷ್ಟನ್ನೂ ಯೂರಿಯಕ್ಕೆ ಸುರಿದ. ಹದಿನೈದು ದಿನದಲ್ಲಿ ತೋಟ ಕಪ್ಪು ಹಸಿರಾಗಿ ಎದೆಯುಬ್ಬಿಸಿ ನಿಂತಿತಂತೆ. ಊರವರೆಲ್ಲ ಬಂದು ನೋಡಿ ಹೊಗಳಿದರಂತೆ. ಆದರೆ ದೀಪಾವಳಿಯ ಹೊತ್ತಿಗೆ ಗುಡಿಮಲ್ಕಾಪುರಕ್ಕೆ ಬಂದ ಚೀಲಗಳನ್ನು ಬಿಚ್ಚಿದಾಗ ಹೂ ಸಣ್ಣದು, ಎಸಳು ಮೆತ್ತಗೆ, ಒಳಗಿನವು ಆಗಲೇ ಕಂದು ಬಣ್ಣಕ್ಕೆ ತಿರುಗಿದ್ದವು. ದಲ್ಲಾಳಿ ಹೂವೊಂದನ್ನು ಬೆರಳಿನಲ್ಲಿ ಒತ್ತಿ ನೋಡಿ, “ಪತ್ತಾ ಜ್ಯಾದಾ, ಫೂಲ್ ಕಮ್” ಎಂದು ಹೇಳಿ ದರವನ್ನು ಇಳಿಸಿದನು. ಬಂದ ಹಣದಲ್ಲಿ ಮುಂಗಡವೂ ತೀರಲಿಲ್ಲ.

ಈ ಕಥೆಯನ್ನು ಕೇಳಿದಾಗ ನಮಗೆ ಆಶ್ಚರ್ಯವಾಗಲಿಲ್ಲ. ಏಕೆಂದರೆ ಇದೇ ತಪ್ಪನ್ನು ನಾವೂ ಮಾಡಿದವರು. ಅದನ್ನು ಮುಂದೆ ಹೇಳುತ್ತೇವೆ. ತಪ್ಪು ಗೊಬ್ಬರ ಕಡಿಮೆಯಾದುದರಲ್ಲಿಲ್ಲ, ಹಣ ಕಡಿಮೆಯಾದುದರಲ್ಲಿಯೂ ಇಲ್ಲ. ಹೊತ್ತು ತಪ್ಪಿದ್ದರಲ್ಲಿ ಇದೆ, ಮತ್ತು ಗಿಡಗಳ ನಡುವೆ ಜಾಗ ಬಿಡದೆ ಇದ್ದುದರಲ್ಲಿ ಇದೆ.

ಸೇವಂತಿಗೆ ಹಗಲಿನ ಉದ್ದವನ್ನು ಅಳೆಯುವ ಗಿಡ. ಹಗಲು ದೀರ್ಘವಾಗಿರುವವರೆಗೆ ಅದು ಎಲೆ ಮತ್ತು ದಂಟುಗಳನ್ನು ಬೆಳೆಸುತ್ತದೆ. ಹಗಲು ಕಿರಿದಾಗಿ ರಾತ್ರಿ ಬೆಳೆದಂತೆ ಕುಡಿಯಲ್ಲಿ ಮೊಗ್ಗನ್ನು ಕಟ್ಟುತ್ತದೆ. ಗಿಡಗಳಿಗೆ ಇಂಥ ಗುಣವೊಂದಿದೆಯೆಂದು ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ ಎಂಬ ವಿಜ್ಞಾನಿಗಳು ೧೯೨೦ರಲ್ಲಿ ಪ್ರಕಟಿಸಿದರು. ಹೈದರಾಬಾದಿನ ಅಕ್ಷಾಂಶದಲ್ಲಿ ಜೂನ್ ತಿಂಗಳ ಅತಿ ದೀರ್ಘ ಹಗಲು ಹದಿಮೂರು ಗಂಟೆಗಿಂತ ಸ್ವಲ್ಪವೇ ಹೆಚ್ಚು. ಡಿಸೆಂಬರಿನಲ್ಲಿ ಅದು ಹನ್ನೊಂದು ಗಂಟೆಗಳಿಗೆ ಇಳಿಯುತ್ತದೆ. ಅಂದರೆ ಗಿಡಕ್ಕೆ ಮೈ ಬೆಳೆಸಿಕೊಳ್ಳಲು ದೊರೆಯುವ ಅವಕಾಶ ನಮ್ಮ ಕಡೆ ಬಹಳ ಚಿಕ್ಕದು. ಆಷಾಢದಲ್ಲಿ ನೆಟ್ಟ ಸಸಿಗೆ ಶ್ರಾವಣ ಕಳೆಯುವಷ್ಟರಲ್ಲಿ ಹೂವಿನ ಆಲೋಚನೆ ಹತ್ತಿರುತ್ತದೆ. ತಡಮಾಡಿ ಭಾದ್ರಪದದಲ್ಲಿ ನೆಟ್ಟರೆ ಅದು ಗೇಣುದ್ದ ಇರುವಾಗಲೇ ಮೊಗ್ಗು ಬಿಟ್ಟು ನಿಲ್ಲುತ್ತದೆ. ಬಿಡಿ ಹೂವಾದರೂ ಹೇಗೋ ಒಂದಿಷ್ಟು ದೊರೆತೀತು, ದಂಟಿನ ಹೂ ಮಾತ್ರ ದೊರೆಯದು. ಹಸಿರುಮನೆಯ ಬೆಳೆಗಾರರು ರಾತ್ರಿಯ ನಡುವೆ ಕೆಲವು ಗಂಟೆ ವಿದ್ಯುದ್ದೀಪ ಉರಿಸಿ ಗಿಡವನ್ನು ವಂಚಿಸುವುದೂ, ಆಮೇಲೆ ಕಪ್ಪು ಬಟ್ಟೆ ಹೊದಿಸಿ ಬೇಗ ಕತ್ತಲೆ ಮಾಡುವುದೂ ಈ ಕಾರಣದಿಂದಲೇ. ಬಯಲಿನಲ್ಲಿ ಬೆಳೆಯುವ ಬಡವನಿಗೆ ಪಂಚಾಂಗವೇ ದೀಪ.

ಈಗ ಗೊಬ್ಬರದ ಮಾತಿಗೆ ಬರೋಣ. ಕ್ಯಾಲಿಫೋರ್ನಿಯದ ಲಂಟ್ ಮತ್ತು ಕೋಫ್ರಾನೆಕ್ ಎಂಬವರು ೧೯೫೮ರಲ್ಲಿ ಸೇವಂತಿಗೆಗೆ ಸಾರಜನಕ ಮತ್ತು ಪೊಟ್ಯಾಷ್‌ಗಳನ್ನು ಕೊಡುವ ಬಗೆಯನ್ನು ಕುರಿತು ಪ್ರಯೋಗದ ಫಲಿತಾಂಶವನ್ನು ಪ್ರಕಟಿಸಿದರು. ಅದರ ಸಾರವಿಷ್ಟು: ನೆಟ್ಟ ಮೊದಲಿನ ಸುಮಾರು ಏಳು ವಾರಗಳಲ್ಲಿ ಗಿಡಕ್ಕೆ ಸಾರಜನಕದ ಕೊರತೆಯಾದರೆ, ಆಮೇಲೆ ಎಷ್ಟು ಸುರಿದರೂ ಹೂವಿನ ಗುಣ ಮೊದಲಿನಂತೆ ಆಗುವುದಿಲ್ಲ. ದೋಸೆಯ ಹಿಟ್ಟಿಗೆ ಉದ್ದು ಸೇರಬೇಕಾದುದು ರುಬ್ಬುವಾಗ; ಕಾವಲಿಯ ಮೇಲೆ ಹುಯ್ದ ಮೇಲೆ ಉದ್ದಿನ ಹಿಟ್ಟನ್ನು ಉದುರಿಸಿದರೆ ಏನಾದೀತೆಂಬುದನ್ನು ನಮ್ಮ ವಾಚಕರಿಗೆ ನಾವು ಹೇಳಬೇಕಾದುದಿಲ್ಲ. ಮೊಗ್ಗು ಕಟ್ಟಿದ ಮೇಲೆ ಕೊಟ್ಟ ಯೂರಿಯ ಎಲೆಗೆ ಹೋಗುತ್ತದೆ. ಎಲೆ ಸೊಕ್ಕುತ್ತದೆ, ದಂಟು ನೀರುಗಟ್ಟಿ ಪೆಡಸಾಗುತ್ತದೆ, ಎಸಳು ಮೆತ್ತಗಾಗಿ ಹೂ ಬಾಳುವ ದಿನಗಳು ಕಡಿಮೆಯಾಗುತ್ತವೆ. ಹೇನುಗಳಿಗೂ ಅಂಥ ಎಳೆ ರಸವೇ ಇಷ್ಟ. ಆದಕಾರಣ ಮೊಗ್ಗಿನಲ್ಲಿ ಬಣ್ಣ ಕಾಣಿಸಿಕೊಳ್ಳುವ ಹೊತ್ತಿಗೆ ಸಾರಜನಕವನ್ನು ನಿಲ್ಲಿಸಿಬಿಡುವುದು ಬಲ್ಲವರ ಪದ್ಧತಿ.

ಪ್ರಮಾಣವೆಷ್ಟು? ತಮಿಳುನಾಡು ಕೃಷಿ ವಿಶ್ವವಿದ್ಯಾಲಯದವರು ಬಿಡಿ ಹೂವಿನ ಬೆಳೆಗೆ ಹೆಕ್ಟೇರಿಗೆ ೨೫ ಟನ್ನು ಕೊಟ್ಟಿಗೆ ಗೊಬ್ಬರ, ೧೨೫ ಕಿಲೋ ಸಾರಜನಕ, ೧೨೦ ಕಿಲೋ ರಂಜಕ, ೨೫ ಕಿಲೋ ಪೊಟ್ಯಾಷ್ ಎಂದು ಹೇಳುತ್ತಾರೆ. ಕರ್ನಾಟಕದಲ್ಲಿ ಪ್ರಚಾರದಲ್ಲಿರುವ ಲೆಕ್ಕ ೧೦೦, ೧೫೦, ೧೦೦ ಕಿಲೋಗಳದು. ಪೊಟ್ಯಾಷಿನಲ್ಲಿ ಇಷ್ಟು ಅಂತರವೇಕೆಂದು ಕೇಳಬಹುದು. ಒಂದೊಂದು ಸೀಮೆಯ ಮಣ್ಣಿನಲ್ಲಿ ಇರುವ ಸತ್ವ ಒಂದೊಂದು ರೀತಿ. ಆದ್ದರಿಂದಲೇ ಮಣ್ಣಿನ ಪರೀಕ್ಷೆಯಾಗದೆ ಚೀಲ ಬಿಚ್ಚಬಾರದೆಂದು ಕೃಷಿ ವಿಜ್ಞಾನ ಕೇಂದ್ರದವರು ಹೇಳುವುದು. ಇಲ್ಲಿ ರಾಜೇಂದ್ರನಗರದಲ್ಲಿಯೂ ಪುಷ್ಪ ಕೃಷಿಯ ಸಂಶೋಧನಾ ಕೇಂದ್ರವೊಂದಿದೆ; ರಜೆಯ ದಿನ ಬಿಟ್ಟು ಹೋದರೆ ಕೇಳಿ ತಿಳಿಯಬಹುದು. ನಮ್ಮವರ ರಜೆ ಮತ್ತು ಸರಕಾರದ ರಜೆ ಒಂದೇ ದಿನ ಬೀಳುವುದೇ ಇದರಲ್ಲಿರುವ ತೊಡಕು.

ಊರಿನ ಅರ್ಧ ಎಕರೆಗೆ ತಮಿಳುನಾಡಿನ ಲೆಕ್ಕವನ್ನು ಇಳಿಸಿದರೆ ಆಗುವುದಿಷ್ಟು: ಕೊಟ್ಟಿಗೆ ಗೊಬ್ಬರ ಐದು ಟನ್ನು, ಸೂಪರ್ ಫಾಸ್ಫೇಟು ೫೦ ಕಿಲೋದ ಮೂರು ಚೀಲ, ಮ್ಯೂರಿಯೇಟ್ ಆಫ್ ಪೊಟ್ಯಾಷ್ ೮ ಕಿಲೋ, ಯೂರಿಯ ಎಲ್ಲ ಸೇರಿ ೫೪ ಕಿಲೋ. ೪೫ ಕಿಲೋದ ಯೂರಿಯ ಚೀಲ ಒಂದಕ್ಕಿಂತ ಸ್ವಲ್ಪವೇ ಹೆಚ್ಚು! ಕರ್ನಾಟಕದ ಲೆಕ್ಕದಲ್ಲಿ ಅದೂ ಒಂದೇ ಚೀಲಕ್ಕೆ ಇಳಿಯುತ್ತದೆ, ಪೊಟ್ಯಾಷ್ ಮಾತ್ರ ೩೩ ಕಿಲೋಗೆ ಏರುತ್ತದೆ. ನಮ್ಮ ಪರಿಚಯಸ್ಥರ ತಮ್ಮ ಭಾದ್ರಪದದಲ್ಲಿ ನಾಲ್ಕು ಚೀಲ ಯೂರಿಯ ಹಾಕಿದ್ದ. ಯೂರಿಯ ಅಗ್ಗ, ಪೊಟ್ಯಾಷ್ ದುಬಾರಿ. ಯೂರಿಯದ ಪರಿಣಾಮ ವಾರದಲ್ಲಿ ಕಣ್ಣಿಗೆ ಕಾಣುತ್ತದೆ, ಉಳಿದವುಗಳ ಪರಿಣಾಮ ಕಾಣುವುದಿಲ್ಲ. ಕಣ್ಣಿಗೆ ಕಾಣುವುದಕ್ಕೆ ಹಣ ಕೊಡುವುದು ಮನುಷ್ಯ ಸ್ವಭಾವವಾದುದರಿಂದ ರೈತನನ್ನು ಮಾತ್ರ ಏಕೆ ದೂರಬೇಕು?

ಹಾಕುವ ಕ್ರಮ ಹೀಗೆ. ಕೊಟ್ಟಿಗೆ ಗೊಬ್ಬರವನ್ನು ಚೆನ್ನಾಗಿ ಕಳಿತ ಮೇಲೆಯೇ ಕೊನೆಯ ಉಳುಮೆಯಲ್ಲಿ ಬೆರೆಸಬೇಕು. ರಂಜಕವು ಮಣ್ಣಿನಲ್ಲಿ ಹಾಕಿದಲ್ಲಿಯೇ ಕೂರುವ ವಸ್ತು. ಮೇಲೆ ಚೆಲ್ಲಿದರೆ ಬೇರಿಗೆ ಮುಟ್ಟದು. ಆದುದರಿಂದ ಸೂಪರ್ ಫಾಸ್ಫೇಟನ್ನೂ ಪೊಟ್ಯಾಷನ್ನೂ ಅರ್ಧದಷ್ಟು ಸಾರಜನಕವನ್ನೂ ನೆಡುವಾಗಲೇ ಬೇರಿನ ಮಟ್ಟಕ್ಕೆ ಸೇರಿಸತಕ್ಕದ್ದು. ಉಳಿದರ್ಧ ಸಾರಜನಕವನ್ನು ನೆಟ್ಟ ಒಂದು ತಿಂಗಳಿಗೆ, ಕುಡಿ ಚಿವುಟಿದ ಮೇಲೆ ಕೊಡಬೇಕು. ಆಷಾಢದ ಮೊದಲಿನಲ್ಲಿ ನೆಟ್ಟವರಿಗೆ ಇದು ನಾಗರಪಂಚಮಿಯ ಸುಮಾರಿಗೆ ಬೀಳುತ್ತದೆ. ಹೈದರಾಬಾದಿನ ಸುತ್ತಲಿನ ಚಲ್ಕ ಎಂಬ ಕೆಂಪು ಮರಳು ಮಣ್ಣಿನಲ್ಲಿ ಮಳೆಯೊಡನೆ ಸಾರಜನಕ ಕೆಳಗೆ ಇಳಿದುಹೋಗುವುದರಿಂದ ಆ ಅರ್ಧವನ್ನು ಮತ್ತೆ ಎರಡು ಪಾಲು ಮಾಡಿ ಎರಡು ವಾರದ ಅಂತರದಲ್ಲಿ ಕೊಡುವುದು ಲೇಸು. ರೇಗಡಿ ಮಣ್ಣಿನಲ್ಲಿ ತೊಂದರೆ ಬೇರೆ: ನೀರು ನಿಂತು ಬೇರು ಕೊಳೆಯುತ್ತದೆ, ಅಲ್ಲಿ ಮಡಿಯನ್ನು ಎತ್ತರಿಸದೆ ಹಾಕಿದ ಗೊಬ್ಬರವೆಲ್ಲ ವ್ಯರ್ಥ. ಗಣೇಶನ ಹಬ್ಬ ಕಳೆದ ಮೇಲೆ ಗೊಬ್ಬರಕ್ಕೆಂದು ಊರಿನಿಂದ ಫೋನು ಬಂದರೆ ಹಣ ಕಳುಹಿಸುವ ಮೊದಲು ಹತ್ತು ಸಲ ವಿಚಾರಿಸಬೇಕು. ಆ ಹಣ ಹೋಗಬೇಕಾಗಿದ್ದುದು ಜ್ಯೇಷ್ಠ ಮಾಸದಲ್ಲಿ.

ಹಳದಿಯಾದ ಗಿಡವೆಲ್ಲ ಸಾರಜನಕ ಬೇಡುತ್ತಿದೆಯೆಂದೂ ತಿಳಿಯಬಾರದು. ಕೆಳಗಿನ ಹಳೆಯ ಎಲೆ ಪೂರ್ತಿ ಹಳದಿಯಾದರೆ ಸಾರಜನಕದ ಕೊರತೆ. ಮೇಲಿನ ಎಳೆಯ ಎಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿದರೆ ಅದು ಕಬ್ಬಿಣದ ಕೊರತೆ. ಕೊಳವೆ ಬಾವಿಯ ಗಡುಸು ನೀರು ಹಾಯಿಸುವ ಕಡೆ ಇದು ಸಾಮಾನ್ಯ. ಇದಕ್ಕೆ ಯೂರಿಯ ಹಾಕಿ ಫಲವಿಲ್ಲ. ಲೀಟರು ನೀರಿಗೆ ೫ ಗ್ರಾಂ ಅನ್ನಭೇದಿಯನ್ನು ಕರಗಿಸಿ ತಂಪು ಹೊತ್ತಿನಲ್ಲಿ ಎಲೆಗಳ ಮೇಲೆ ಸಿಂಪಡಿಸಬೇಕು. ನೀರು ನಿಂತ ಹೊಲದಲ್ಲಿ ಬೇರು ಉಸಿರಾಡದೆ ಹಳದಿಯಾಗುವುದೂ ಉಂಟು. ಆ ತಮ್ಮನ ತೋಟದ ಹಳದಿ ಯಾವ ಬಗೆಯದಾಗಿತ್ತೆಂದು ನಾವು ಕೇಳಿದಾಗ ಅವನು ಹೇಳಿದ್ದು, ಕೆಳಗಿನ ಎಲೆಗಳೆಂದು. ಒತ್ತಾಗಿ ನೆಟ್ಟುದರಿಂದ ಬಿಸಿಲು ಕಾಣದೆಯೂ ಅವು ಹಳದಿಯಾಗಿದ್ದಿರಬೇಕು.

ಒತ್ತಿನ ವಿಚಾರಕ್ಕೆ ಈಗ ಬಂದೆವು. ಬಿಡಿ ಹೂವಿಗೆ ಸಾಲಿನಿಂದ ಸಾಲಿಗೆ ೩೦ ಸೆಂಟಿಮೀಟರು, ಗಿಡದಿಂದ ಗಿಡಕ್ಕೆ ೩೦ ಸೆಂಟಿಮೀಟರು ಎಂಬುದು ಬಹುಕಾಲದ ರೂಢಿ. ಅಂದರೆ ಒಂದು ಅಡಿ. ಈ ಲೆಕ್ಕದಲ್ಲಿ ಅರ್ಧ ಎಕರೆಗೆ ಸುಮಾರು ೨೨,೫೦೦ ಸಸಿ ಹಿಡಿಯುತ್ತವೆ. ಗೇಣಿಗೊಂದರಂತೆ ನೆಟ್ಟರೆ ೪೦,೦೦೦ ಸಮೀಪಿಸುತ್ತದೆ. ಸಸಿಯ ಖರ್ಚು ಹೆಚ್ಚುಕಡಿಮೆ ಇಮ್ಮಡಿ. ಹೂವೂ ಇಮ್ಮಡಿಯಾಗುವುದೆ? ಇಪ್ಪತ್ತು ಮೇಜು ಹಿಡಿಯುವ ಹೋಟೆಲಿನಲ್ಲಿ ಮೂವತ್ತೈದು ಮೇಜು ಹಾಕಿದ ಯಜಮಾನರನ್ನು ನಾವು ನೋಡಿದ್ದೇವೆ. ಗಿರಾಕಿಗಳು ಕೂತರೂ ಸಪ್ಲೈಯರಿಗೆ ನಡೆಯಲು ದಾರಿಯಿಲ್ಲ, ಸಾಂಬಾರು ಒಬ್ಬರ ಹೆಗಲ ಮೇಲೆ. ಸೇವಂತಿಗೆಯ ತೋಟದಲ್ಲಿ ನಡೆಯಬೇಕಾದುದು ಗಾಳಿ. ಎಲೆಗಳ ನಡುವೆ ಗಾಳಿಯಾಡದಿದ್ದರೆ ಇಬ್ಬನಿ ಹೊತ್ತು ಏರಿದರೂ ಆರುವುದಿಲ್ಲ. ಒದ್ದೆ ಎಲೆಯ ಮೇಲೆ ಕಪ್ಪು ಚುಕ್ಕೆಯ ರೋಗ ಬುಡದಿಂದ ಮೇಲಕ್ಕೆ ಹತ್ತುತ್ತದೆ. ಬಿಸಿಲಿಗಾಗಿ ಪೈಪೋಟಿ ಹೂಡಿ ಗಿಡ ಉದ್ದುದ್ದ ಬೆಳೆದು ಬಳುಕುತ್ತದೆ, ಕವಲೊಡೆಯುವುದಿಲ್ಲ. ಅಡಿಗೊಂದು ಗಿಡವಿದ್ದಲ್ಲಿ ಒಂದು ಗಿಡ ಬಿಡುವಷ್ಟು ಹೂವನ್ನು ಇಲ್ಲಿ ಒಂದು ಗಿಡ ಬಿಡುವುದಿಲ್ಲ. ಇದರ ಮೇಲೆ ಯೂರಿಯವನ್ನು ಸುರಿದರೆ ಎಲೆ ಇನ್ನೂ ದಟ್ಟವಾಗಿ ತೋಟದ ಒಳಗು ಇನ್ನೂ ಕತ್ತಲೆಯಾಗುತ್ತದೆ. ಒತ್ತು ಮತ್ತು ಗೊಬ್ಬರ ಇವೆರಡೂ ಬೇರೆ ಬೇರೆ ತಪ್ಪುಗಳಲ್ಲ. ಒಂದು ಇನ್ನೊಂದನ್ನು ಸಾಕುತ್ತದೆ.

ದಂಟಿನ ಹೂವಿನ ಲೆಕ್ಕ ಮಾತ್ರ ಇದಕ್ಕೆ ವಿರುದ್ಧವಾಗಿ ತೋರುತ್ತದೆ. ಅಲ್ಲಿ ಒತ್ತಾಗಿಯೇ ನೆಡುತ್ತಾರೆ: ೧೫ ಸೆಂಟಿಮೀಟರಿಗೊಂದು, ಅಂದರೆ ಚದರ ಮೀಟರಿಗೆ ೪೪ ಗಿಡ. ಆದರೆ ಅಲ್ಲಿ ಗಿಡಕ್ಕೆ ಕವಲೊಡೆಯುವ ಅಪ್ಪಣೆಯೇ ಇಲ್ಲ. ಕುಡಿಯನ್ನು ಚಿವುಟದೆ ಒಂದೇ ದಂಟು ಬಿಟ್ಟು, ಪಕ್ಕದ ಮೊಗ್ಗುಗಳನ್ನು ಬಟಾಣಿ ಗಾತ್ರಕ್ಕೆ ಬರುವ ಮೊದಲೇ ಬೆರಳಿನಿಂದ ಕಿತ್ತು, ತುದಿಯ ಒಂದೇ ಮೊಗ್ಗನ್ನು ಉಳಿಸಿದರೆ ಅಂಗೈಯಗಲದ ಒಂಟಿ ಹೂ ದೊರೆಯುತ್ತದೆ. ಗೊಂಚಲು ಜಾತಿಯಾದರೆ ನಡುವಿನ ಮೊಗ್ಗೊಂದನ್ನು ಮಾತ್ರ ತೆಗೆದು ಉಳಿದವನ್ನು ಬಿಡುತ್ತಾರೆ. ಸಸಿಯ ಖರ್ಚು ಉಳಿಸಲು ಕುಡಿ ಚಿವುಟಿ ಗಿಡಕ್ಕೆ ಎರಡು ಮೂರು ದಂಟು ಬೆಳೆಸುವವರು ಅಂತರವನ್ನು ೨೦ ಸೆಂಟಿಮೀಟರಿಗೆ ೧೫ ಎಂದು ಹಿಗ್ಗಿಸಬೇಕು. ಇಷ್ಟು ದಂಟುಗಳು ನೆಟ್ಟಗೆ ನಿಲ್ಲಲು ಮಡಿಯ ಮೇಲೆ ಚೌಕಚೌಕದ ಬಲೆಯನ್ನು ಬಿಗಿದು, ಗಿಡ ಬೆಳೆದಂತೆ ಬಲೆಯನ್ನು ಮೇಲಕ್ಕೆ ಏರಿಸುತ್ತ ಹೋಗುತ್ತಾರೆ. ಗೊಬ್ಬರವನ್ನೂ ಒಮ್ಮೆಗೇ ಕೊಡುವುದಿಲ್ಲ. ನೀರಿನಲ್ಲಿ ಕರಗುವ ೧೯:೧೯:೧೯ ಮಿಶ್ರಣವನ್ನು ಲೀಟರಿಗೆ ೧ ಗ್ರಾಮಿನಂತೆ ಬೆರೆಸಿ ಹನಿ ನೀರಿನೊಡನೆ ಆಗಾಗ ಉಣಿಸುತ್ತಾರೆ. ಬಲೆ, ಹನಿ ನೀರು, ಹಸಿರುಮನೆ ಇವೆಲ್ಲ ಇಲ್ಲದೆ ಈ ಅಂತರವನ್ನು ಮಾತ್ರ ನಕಲು ಮಾಡುವುದು ಅಪಾಯ. ಆ ತಮ್ಮನಿಗೆ ಒತ್ತಾಗಿ ನೆಡುವ ಬುದ್ಧಿ ಬಂದುದು ಯಾರದೋ ಹಸಿರುಮನೆಯನ್ನು ನೋಡಿ ಬಂದ ಮೇಲೆಯೇ ಎಂದು ಆಮೇಲೆ ತಿಳಿಯಿತು.

ನಮ್ಮ ತಪ್ಪನ್ನು ಹೇಳುತ್ತೇವೆಂದೆವಲ್ಲ. ಕೆಲವು ವರ್ಷಗಳ ಹಿಂದೆ ಬಾಡಿಗೆ ಮನೆಯ ಹಿತ್ತಲಿನಲ್ಲಿ ಒಂದು ಮೀಟರು ಅಗಲ, ಹತ್ತು ಮೀಟರು ಉದ್ದದ ಮಡಿ ಮಾಡಿ ಹಳದಿ ಸೇವಂತಿಗೆಯನ್ನು ಇಟ್ಟಿದ್ದೆವು. ಅಷ್ಟು ನೆಲಕ್ಕೆ ಬೇಕಾದ ಯೂರಿಯ ಒಂದು ಸಲಕ್ಕೆ ೧೩೫ ಗ್ರಾಂ ಮಾತ್ರ, ಒಂದು ದೊಡ್ಡ ಲೋಟದಷ್ಟು. ನಾವು ಅಂದಾಜಿನಿಂದ ಪಾವುಗಟ್ಟಲೆ ಚೆಲ್ಲಿದೆವು, ಅದೂ ನವರಾತ್ರಿ ಹತ್ತಿರ ಬಂದ ಮೇಲೆ, ಮನೆಯ ಹೂವನ್ನೇ ದೇವಿಗೆ ಏರಿಸಬೇಕೆಂಬ ಆತುರದಿಂದ. ಎಲೆಗಳು ಎಲೆಕೋಸನ್ನು ನಾಚಿಸಿದವು. ಹೂ ಬಿಟ್ಟದ್ದು ಕಾರ್ತಿಕದಲ್ಲಿ, ಅದೂ ತಲೆ ಜೋಲಿಸಿಕೊಂಡು. ಮನೆಯೊಡತಿ ಅದನ್ನು ನೋಡಿ, ಇದನ್ನು ಪಲ್ಯ ಮಾಡಬಹುದೇ ಎಂದು ಕೇಳಿದರು. ಅದರಿಂದ ಮುಂದೆ ನಾವು ತಕ್ಕಡಿಯಿಲ್ಲದೆ ಗೊಬ್ಬರ ಮುಟ್ಟಿಲ್ಲ.

ಕೋಣೆಯಲ್ಲಿ ವಾಸಿಸುವವರು ಮಾಳಿಗೆಯ ಮೇಲೆ ಕುಂಡದಲ್ಲಿ ಬೆಳೆಯುವುದಾದರೆ ಹತ್ತಂಗುಲದ ಕುಂಡಕ್ಕೆ ಒಂದೇ ಗಿಡ ಸಾಕು. ರಸ್ತೆಯ ದೀಪ ರಾತ್ರಿಯೆಲ್ಲ ಬೀಳುವ ಕಡೆ ಇಟ್ಟರೆ ಹೂ ತಡವಾಗುವುದು. ಕಾರಣವನ್ನು ಮೇಲೆಯೇ ಹೇಳಿದ್ದೇವೆ.

ದಂಟಿನ ಹೂವನ್ನು ಕೊಯ್ಯುವವರು ಬುಡದ ಮರಗಟ್ಟಿದ ಭಾಗವನ್ನು ಗಿಡದಲ್ಲಿಯೇ ಬಿಟ್ಟು, ನೆಲದಿಂದ ನಾಲ್ಕಂಗುಲ ಮೇಲೆ ಕೊಯ್ಯಬೇಕು. ಮರಗಟ್ಟಿದ ದಂಟು ನೀರು ಹೀರದು. ಹೊರಗಿನ ಎಸಳುಗಳು ಪೂರ್ತಿ ಬಿಚ್ಚಿದ ಬಳಿಕ, ಬೆಳಗಿನ ತಂಪಿನಲ್ಲಿ ಕೊಯ್ದು, ಕೆಳಗಿನ ಎಲೆಗಳನ್ನು ಸವರಿ ಒಡನೆಯೇ ನೀರಿನಲ್ಲಿ ನಿಲ್ಲಿಸತಕ್ಕದ್ದು. ಹದವಾಗಿ ಬೆಳೆದ ಹೂವಾದರೆ ಹೂದಾನಿಯಲ್ಲಿ ಎರಡು ವಾರ ನಿಲ್ಲುವುದು. ಎಲೆ ಹಳದಿಯಾದರೂ ಹೂ ಬಾಡಿರುವುದಿಲ್ಲ. ತಡವಾಗಿ ಯೂರಿಯ ಉಂಡ ಹೂವಿಗೆ ಅಷ್ಟು ಆಯುಸ್ಸಿಲ್ಲ. ದಲ್ಲಾಳಿ ಬೆರಳಿನಿಂದ ಒತ್ತಿ ನೋಡುವುದು ಅದನ್ನೇ.

ನಮ್ಮ ಪರಿಚಯಸ್ಥರು ಈ ಸಲ ಜ್ಯೇಷ್ಠದಲ್ಲಿಯೇ ಹಣ ಕಳುಹಿಸಿದರು. ಹೋದ ವರ್ಷದ ಮುಂಗಡ ಇನ್ನೂ ತಿಂಗಳು ತಿಂಗಳು ಕಡಿತವಾಗುತ್ತಿರುವುದರಿಂದ ಅರ್ಧ ಎಕರೆಗೆ ಬದಲು ಹತ್ತು ಗುಂಟೆಗೆ ಸಾಲುವಷ್ಟು ಮಾತ್ರ. ಮೊನ್ನೆ ಕಾಚಿಗುಡದಲ್ಲಿ ಸಿಕ್ಕಾಗ, ತಮ್ಮ ಫೋನಿನಲ್ಲಿ ಕಳುಹಿಸಿದ ಚಿತ್ರವನ್ನು ತೋರಿಸಿದರು. ಅಡಿಗೊಂದು ಗಿಡ, ಕುಡಿ ಚಿವುಟಿದ ಗುರುತು, ಸಾಲುಗಳ ನಡುವೆ ಕೆಂಪು ಮಣ್ಣು ಚೆನ್ನಾಗಿ ಕಾಣುತ್ತಿತ್ತು. ಇಷ್ಟು ನೆಲ ಖಾಲಿ ಬಿಟ್ಟಾನಲ್ಲ ಎಂದು ಊರಿನಲ್ಲಿ ತಾಯಿ ದಿನವೂ ಬೈಯುತ್ತಿದ್ದಾರಂತೆ.